ಗುಡ್ಡಗಳ ಹಾಜರಿ

"ನಮ್ಮ ಮನ್ಯಾಗ ಡಿಗ್ರಿ? ಆಗೂದಲ್ಲ, ಹೋಗೂದಲ್ಲ," ಎಂದವನು ನಮ್ಮ ಕಾಕಾ. ಅದೂ ನನ್ನ ತಾಟಿಗೆ ತಾನೇ ರೊಟ್ಟಿ ಹಾಕುತ್ತ. ಹತ್ತನೆಯ ಇಯತ್ತೆ ದಾಟಿದವರು ನಮ್ಮಲ್ಲಿ ಯಾರೂ ಇರದಿದ್ದುದರಿಂದ ಅವನ ಮಾತನ್ನು ಅಲ್ಲಗಳೆಯಲು ಮನೆಯಲ್ಲಿ ಸಾಕ್ಷಿಯೇ ಇರಲಿಲ್ಲ. ಆಗುತ್ತದೆ ಎಂದವರು ಒಬ್ಬರೇ. ಶಿರಹಟ್ಟಿಯ ನಮ್ಮ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿದ್ದ, ಗುಡ್ಡಗಳ ಹಾಜರಿ ತೆಗೆದುಕೊಳ್ಳುತ್ತಿದ್ದ ಹಸೀನಾ ಅಕ್ಕೋರು.

ಹಾಜರಿ ಎಂದರೆ ಖರೇನೇ ಹಾಜರಿ. ಐತವಾರ ಮುಂಜಾನೆ ಬಸ್ಸು ಹಿಡಿದು ಕಪ್ಪತಗುಡ್ಡದ ಬುಡಕ್ಕೆ ಹೋಗುವುದು, ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ, ಗಂಡಸರ ಬೂಟು ಹಾಕಿಕೊಂಡು ಏರುವುದು. ಯಾರಿಗೂ ಕಾಯುತ್ತಿರಲಿಲ್ಲ. ಕಾಯಲು ಯಾರೂ ಇರುತ್ತಲೂ ಇರಲಿಲ್ಲ. ಮೊದಲ ತಿರುವಿನಲ್ಲಿ ನಿಂತು ದೂರದ ಬೋಳು ನೆತ್ತಿಯ ಕಡೆ ಕೂಗುತ್ತಿದ್ದರು: "ಹಾಲಗುಡ್ಡ!"

ಮೊದಲ ಸಲ ಜೊತೆಗೆ ಹೋದಾಗ ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡಲೇ ಹುಡುಗಿ. ಅದಕ್ಕ ಬಾಯಿ ಇಲ್ಲ, ನಾನ ಹೇಳ್ತೀನಿ. ಹಾಜರ್ ಮೇಡಂ!" ಎಂದು ತಾವೇ ಉತ್ತರ ಕೊಟ್ಟು ಮುಂದಿನ ಗುಡ್ಡದ ಹೆಸರು ಕೂಗಿದರು. ಆಮೇಲೆ ಪ್ರತಿ ಐತವಾರ ನಾನೂ ಜೊತೆಗೆ ಹೋಗತೊಡಗಿದೆ.

ಅವರು ಒಬ್ಬರೇ ಇದ್ದ ಮನೆಯ ಗೋಡೆಯ ಮೇಲೆ ಐರ್ಲೆಂಡಿನ ಒಂದು ಬೆಟ್ಟದ ಚಿತ್ರವಿತ್ತು. ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ್ದು. "ಅಲ್ಲೂ ಹಿಂಗ," ಎನ್ನುತ್ತಿದ್ದರು. "ಇಂಗ್ಲಿಷ್ ಸಾಹೇಬ್ರು ಬಂದು ಗುಡ್ಡದ ಹೆಸರು ಕಿವಿಗೆ ಕೇಳಿಸಿದಂಗ ನಕಾಶೆದಾಗ ಬರಕೊಂಡು ಹೋದ್ರು. ಈಗ ಮಂದಿ ತಮ್ಮ ಗುಡ್ಡದ ಹೆಸರಿನ ಅರ್ಥ ತಾವ ಹುಡುಕ್ಯಾಡ್ತಾರ. ಒಂದಿನ ಅದನ್ನ ಹತ್ತಿ ಬರಬೇಕು ನೋಡು." ಹುಬ್ಬಳ್ಳಿಯ ಆಚೆಗೆ ಅವರು ಹೋಗಿದ್ದನ್ನು ನಾನು ಕೇಳಿಲ್ಲ.

ಬಿ.ಎ. ಕೊನೆಯ ವರ್ಷ ನಾನು ಕಪ್ಪತಗುಡ್ಡದ ಹೆಸರುಗಳ ಮೇಲೆಯೇ ಪ್ರಾಜೆಕ್ಟ್ ಬರೆದೆ. ಗದಗಿನ ಕಾಲೇಜಿನ ಸರ್ 'ಹಾಲಗುಡ್ಡ'ದ ಮೇಲೆ ಕೆಂಪು ಗೆರೆ ಎಳೆದರು. ಇಂಗ್ಲಿಷ್ ನಕಾಶೆಯಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಅದನ್ನು ನೋಡಿ ಗುಡ್ಡದ ಬುಡದ ಕನ್ನಡ ಫಲಕ ಬರೆದವರು ಹಾಲನ್ನು ಹಾಳು ಮಾಡಿದ್ದರು.

"ಬೋರ್ಡಿನ್ಯಾಗ ಹಾಳಗುಡ್ಡ ಐತಿ, ಹಂಗ ಬರಿ. ಇಲ್ಲಾಂದ್ರ ನಾ ಸಹಿ ಮಾಡೂದಿಲ್ಲ."

ಸಹಿ ಇಲ್ಲದಿದ್ದರೆ ವರ್ಷ ಹೋಗುತ್ತಿತ್ತು. ವರ್ಷ ಹೋದರೆ ಮತ್ತೆ ಕಾಲೇಜಿಗೆ ಕಳಿಸುವವರು ಮನೆಯಲ್ಲಿರಲಿಲ್ಲ.

ಅಕ್ಕೋರು ಸಿಟ್ಟಾಗುತ್ತಾರೆ ಎಂದುಕೊಂಡು ಹೋದೆ. "ಬರದು ಕೊಡು," ಎಂದರು. "ಗುಡ್ಡ ಅಲ್ಲೇ ಇರತೈತಿ. ನಿನ್ನ ವರ್ಷ ಇರೂದಿಲ್ಲ."

"ಹಾಲಿಗೆ ಹಾಳು ಅಂತ ನಾ ಬರಿಯೂದಿಲ್ರಿ ಅಕ್ಕೋರ."

ಅಕ್ಕೋರು ಎದ್ದು ಬೂಟು ಹುಡುಕತೊಡಗಿದರು.

ಅಂದು ಅವರ ಮೊಣಕಾಲು ಮೊದಲ ತಿರುವಿನವರೆಗೂ ಒಪ್ಪಲಿಲ್ಲ. ಒಂದು ಕಲ್ಲಿನ ಮೇಲೆ ಕೂತು, "ನೀ ಹೋಗಿ ಕುರಿಯವರನ್ನ ಹೆಸರು ಕೇಳಿ ಬಾ. ಹೊಳ್ಳಿ ನೋಡಬ್ಯಾಡ," ಎಂದರು. ಮುಂಡರಗಿ ಕಡೆಯ ಕುರಿಹಟ್ಟಿಯಲ್ಲಿ ಒಬ್ಬ ಅಜ್ಜಿಯನ್ನು ಕೇಳಿ, ಅವಳ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. "ಚೊಚ್ಚಲ ಕುರಿ ಈದಾಗ ಮೊದಲ ಹಾಲು ಆ ಗುಡ್ಡಕ್ಕ ಎರಿತೀವಿ. ಹಾಲ! ಕುಡಿಯೂ ಹಾಲ! ಹಾಳ ಅಂದಾವನ ಬಾಯಾಗ ಮಣ್ಣ ಹಾಕ!"

ಇಳಿದು ಬಂದು ಅಕ್ಕೋರಿಗೆ ಅದನ್ನು ಕೇಳಿಸಿದೆ. ಅವರು ನಗಲಿಲ್ಲ. "ಮತ್ತೊಮ್ಮೆ ಹಚ್ಚು," ಎಂದು ಗುಡ್ಡದ ಕಡೆ ಮುಖ ಮಾಡಿ ಕೇಳಿದರು.

ಕಾಲೇಜಿನ ಸರ್ ಮಾತ್ರ ಅದನ್ನು ಕೇಳಿ ಜೋರಾಗಿ ನಕ್ಕರು. "ಮಣ್ಣು ನನ್ನ ಬಾಯಿಗೇನ?" ಎಂದು ಕೆಂಪು ಗೆರೆಯ ಪಕ್ಕದಲ್ಲೇ ಸಹಿ ಹಾಕಿದರು.

ಅಕ್ಕೋರು ಮತ್ತೆ ಗುಡ್ಡ ಏರಲಿಲ್ಲ. ನನ್ನ ಫಲಿತಾಂಶ ಕೇಳಿ ಪೇಡೆ ಹಂಚಿದರು. ಆ ಮಳೆಗಾಲದಲ್ಲಿ, ಜ್ವರ ಎಂದು ಮಲಗಿದವರು ಏಳಲಿಲ್ಲ. ಮಣ್ಣು ಕೊಡಲು ಹೋದವರಲ್ಲಿ ಹೆಚ್ಚಿನವರು ಅವರ ಹಳೆಯ ವಿದ್ಯಾರ್ಥಿಗಳು.

ಪದವಿ ಪ್ರಮಾಣಪತ್ರ ಅದಾದ ಮೇಲೆ ಬಂತು. ನಮ್ಮ ಮನೆತನದ ಹೆಸರು ಅಂಥ ಕಾಗದದ ಮೇಲೆ ಅಚ್ಚಾಗಿದ್ದು ಅದೇ ಮೊದಲು. ಗದಗಿನಿಂದ ತಂದು ಅವ್ವನ ಕೈಗೆ ಕೊಟ್ಟೆ. ಓದು ಬಾರದ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ಬೆಳಕಿಗೆ ಒಡ್ಡಿ ನೋಡಿದಳು.

"ಚಲೋ ಆತವಾ," ಎಂದಳು. ಕಾಗದ ನನ್ನ ಕೈಗೆ ಮರಳಿಸುತ್ತ, "ಇನ್ನ ಐತವಾರ ಗುಡ್ಡಕ್ಕ ಯಾರ ಜೋಡಿ ಹೋಗ್ತಿ?"