ಸಾಹೇಬರ ತಂದೆಯ ತಿಥಿ

ನಮ್ಮ ಸಾಹೇಬರದು ನಾಲ್ಕು ತಲೆಮಾರು ಬ್ಯಾಂಕು ನಡೆಸಿದ ಯೆಹೂದಿ ಮನೆತನ. ಆ ಬ್ಯಾಂಕು ತಂದೆಯ ಕಾಲದಲ್ಲೇ ಇನ್ನೊಂದರ ಹೊಟ್ಟೆ ಸೇರಿತ್ತು. ಇವರ ಪಾಲಿಗೆ ಬಂದದ್ದು ಕರಿ ರಟ್ಟಿನ ಪ್ರಾರ್ಥನೆಯ ಪುಸ್ತಕ, ಮತ್ತು ಯಾರನ್ನೂ ಕಾಯಿಸಬಾರದೆಂಬ ಚಟ. ಅಬುಧಾಬಿಯ ಅಲ್ ರೀಮ್ ದ್ವೀಪದ ಆಫೀಸಿನಲ್ಲಿ ಕೂತು ಕಂಪೆನಿ ಕಂಪೆನಿಗಳಿಗೆ ಮದುವೆ ಕುದುರಿಸುವುದು ಅವರ ಉದ್ಯೋಗ. ಆ ಮದುವೆಗಳ ಫೈಲು ಹೊರುವುದು ಕಾರ್ಯದರ್ಶಿಯಾದ ನನ್ನದು. ಇಬ್ಬರೂ ದಣಿದಿದ್ದೆವು.

ತಂದೆ ತೀರಿಕೊಂಡ ದಿನ ಅವರ ಪಂಚಾಂಗದಂತೆ ವರ್ಷವರ್ಷವೂ ಜಾರುತ್ತದೆಂದು ಸಾಹೇಬರು ವಿವರಿಸಹೊರಟಾಗ ನಾನು ಕೈಯೆತ್ತಿ ತಡೆದೆ. ಉಡುಪಿಯವನಿಗೆ ತಿಥಿಯ ಪಾಠವೇ? ಆ ದಿನದ ಪ್ರಾರ್ಥನೆಗೆ ಅವರ ಮತದ ಹತ್ತು ಗಂಡಸರು ಕೂಡಬೇಕು. ಒಬ್ಬ ಕಡಿಮೆಯಾದರೂ ಹೇಳುವಂತಿಲ್ಲ. ಸಾಹೇಬರನ್ನು ಬಿಟ್ಟು ಒಂಬತ್ತು ಮಂದಿಯನ್ನು ಬುಧವಾರ ಸಂಜೆ ಏಳಕ್ಕೆ ಒಪ್ಪಿಸಿ, ದೊಡ್ಡ ಯಾಗ ಮುಗಿಸಿದವನಂತೆ ಕೂತೆ.

ಮಂಗಳವಾರವಿಡೀ ಸಾಹೇಬರು ಪ್ರಯಾಣದಲ್ಲಿದ್ದರು. ಬುಧವಾರ ಮಧ್ಯಾಹ್ನ ಮೂರಕ್ಕೆ ಬಂದವರೇ, ಏಳಕ್ಕೆ ಯಾಕೆ ಎಂದು ಮೆಲ್ಲಗೆ ಕೇಳಿದರು. ನಮ್ಮ ದಿನ ಸೂರ್ಯೋದಯಕ್ಕೆ ಶುರುವಾದರೆ ಅವರದು ಸೂರ್ಯಾಸ್ತಕ್ಕಂತೆ. ತಿಥಿ ಹಿಂದಿನ ಸಂಜೆಯೇ ಹಿಡಿದಿತ್ತು. ಇವತ್ತು ಸೂರ್ಯ ಮುಳುಗಿದೊಡನೆ ಮುಗಿಯುತ್ತದೆ, ಏಳರ ಹೊತ್ತಿಗೆ ಕಳೆದೇ ಹೋಗಿರುತ್ತದೆ.

ಮತ್ತೆ ಫೋನು ಹಿಡಿದೆ. ಎಂಟು ಮಂದಿ ಅಬುಧಾಬಿಯಲ್ಲೇ ಇದ್ದರು, ಗೊಣಗುತ್ತ ಹೊರಟರು. ಒಂಬತ್ತನೆಯವರು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ. ಅವರ ಕಾರು ಗ್ಯಾರೇಜಿನಲ್ಲಿ. ಕರೆತರಲು ನಮ್ಮ ಡ್ರೈವರ್‌ನನ್ನು ಕರೆದೆ. ಬಂಟ್ವಾಳ ಕಡೆಯ ಬ್ಯಾರಿ ಮುಸಲ್ಮಾನ, ಸಮಾಧಾನದ ಮನುಷ್ಯ. ನನ್ನ ಕಥೆಯನ್ನು ಪೂರ್ತಿ ಕೇಳಿಸಿಕೊಂಡ.

"ನಮ್ಮದೂ ಸೂರ್ಯ ಮುಳುಗಿ ಮಗ್ರಿಬ್‌ಗೇ ದಿನ ಶುರು ಆಗುದು, ಸಾರ್. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ಅಲ್ವಾ?"

"ಆಯ್ತು ಮಾರಾಯ, ಈಗ ಹೊರಡು."

ಐದೂಕಾಲಕ್ಕೆ ಆಫೀಸಿನಲ್ಲಿ ಸಾಹೇಬರೂ ಸೇರಿ ಒಂಬತ್ತು ಜನ. ಲೆಕ್ಕಕ್ಕೆ ಬಾರದ ಹತ್ತನೆಯವನಾಗಿ ನಾನು ಬಾಗಿಲ ಬಳಿ ನಿಂತೆ. ಸಾಹೇಬರು ಪುಸ್ತಕ ತೆರೆದು ಕಿಟಕಿಯತ್ತ ನೋಡುತ್ತಿದ್ದರು. ಸೂರ್ಯ ಕಟ್ಟಡಗಳ ಸಂದಿಗಿಳಿದು ಕೆಂಪಾಗಿ, ಆಮೇಲೆ ಇಲ್ಲವಾದ. ಸೇತುವೆಯ ಮೇಲೆ ಸಿಕ್ಕಿಕೊಂಡಿದ್ದೇವೆಂದು ಡ್ರೈವರ್‌ನ ಮೆಸೇಜು ಬಂತು. ಸಾಹೇಬರು ಪುಸ್ತಕ ಮುಚ್ಚಿದರು.

ಕಾಲು ಗಂಟೆಯ ನಂತರ ಏದುಸಿರು ಬಿಡುತ್ತ ಬಂದ ಗೋದಾಮಿನವರಿಗೆ ಸಾಹೇಬರೇ ಕುರ್ಚಿ ಎಳೆದು ಕೂರಿಸಿ, ಪ್ರಾರ್ಥನೆಯ ನಂತರ ಹಂಚಲೆಂದು ತರಿಸಿದ್ದ ಕೇಕು ಕೊಟ್ಟರು. ನಾನು ಕ್ಷಮೆ ಕೇಳಲು ಒಂದು ಭಾಷಣವನ್ನೇ ಸಿದ್ಧಪಡಿಸಿಕೊಂಡಿದ್ದೆ. ಅದಕ್ಕೆ ಸಾಹೇಬರು ಅವಕಾಶ ಕೊಡಲಿಲ್ಲ.

"ಮುಂದಿನ ವರ್ಷದ್ದನ್ನು ಈಗಲೇ ಬರೆದಿಡಿ," ಎಂದರು. "ಹಿಂದಿನ ಸಂಜೆಯಿಂದ."

ಏಪ್ರಿಲ್‌ಗೆ ನನ್ನ ವೀಸಾ ಖಲಾಸ್ ಆಗಿ ನಾನು ಊರಿಗೆ ಮರಳುವುದಿತ್ತು. ಅದು ಅವರಿಗೂ ಗೊತ್ತಿತ್ತು. ಆದರೂ ಬರೆದೆ. ಬರೆದದ್ದನ್ನು ಡ್ರೈವರ್‌ಗೆ ಓದಿ ಹೇಳಿ, ಅವನು ಸರಿ ಎಂದ ಮೇಲೆಯೇ ಡೈರಿ ಮುಚ್ಚಿದೆ.