ಅಂಚು ಉಜ್ಜಿದ ತೂತುಕಾಸು

“ಇದು ನನ್ನದಲ್ಲ ಕಣಮ್ಮ” ಎಂದು ಕಾಸನ್ನು ವಾಪಸು ಕೊಟ್ಟೆ. ಹಳೇ ನಾಣ್ಯಗಳ ವಿವರವನ್ನು ಕಂಪ್ಯೂಟರಿಗೆ ಸೇರಿಸುವ ಹುಡುಗಿಯೊಬ್ಬಳು ಮೂಡಲಪಾಳ್ಯದ ನಮ್ಮ ಮನೆಗೆ ಬಂದು, ನನ್ನ ತೂತುಕಾಸಿನ ಫೋಟೊ ತೆಗೆದು, ತಾನು ತಂದಿದ್ದ ಅಂಥವೇ ಕಾಸುಗಳ ಜೊತೆ ಬೆರೆಸಿಬಿಟ್ಟಿದ್ದಳು.

“ಎಲ್ಲಾ ಒಂದೇ ಅಚ್ಚು ಅಜ್ಜಿ, ಲಕ್ಷಗಟ್ಟಲೆ ಹೊಡ್ದಿದಾರೆ. ಎಲ್ಲಕ್ಕೂ ಸೇರಿ ಒಂದೇ ವಿವರ ಬರಿಯೋದು.”

“ನಿನ್ ತಲೆ” ಎಂದು ಬೆರಳಾಡಿಸಿ ನನ್ನದನ್ನು ಹುಡುಕಿ ತೆಗೆದೆ. ಉಡಿದಾರಕ್ಕೆ ಕಟ್ಟಿದಾಗ ನಮ್ಮ ಮೊದಲ ಮಗುವಿನ ಸೊಂಟ ತರಚದಿರಲೆಂದು ಯಜಮಾನರು ಅದರ ಅಂಚನ್ನು ಕಲ್ಲಿಗೆ ಉಜ್ಜಿದ್ದರು. ಮಗು ವರ್ಷ ತುಂಬುವ ಮೊದಲೇ ಹೋಯಿತು.

ಇದನ್ನು ಹೇಳಿದಾಗ ಹುಡುಗಿ ಮಗುವಿನ ಹೆಸರು ಕೇಳಿ, ಆ ಒಂದು ಕಾಸಿಗೇ ಬೇರೆ ವಿವರ ಬರೆದಳು.

ಪುಟ್ಟತಾಯಿ ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ನಮ್ಮಲ್ಲಿ ಒಂದು ಚೀಟಿಯೂ ಇಲ್ಲ. ಈಗ ಅವಳ ಹೆಸರು ಒಂದು ಕಡೆ ಇದೆ.