ಗೋಂದು ಹಚ್ಚದ ಮಹಡಿ

ನಮ್ಮನೆಯವರು ಕಟ್ಟಡಗಳ ರಟ್ಟಿನ ಮಾದರಿ ಮಾಡೋರು. ಮೂವತ್ತು ವರ್ಷದಿಂದ ಒಂದೇ ಉಪಾಯ: ಮೇಲಿನ ಎರಡು ಮಹಡಿಗೆ ಗೋಂದು ಹಚ್ಚೋದಿಲ್ಲ. ನಗರಸಭೆಯಲ್ಲಿ ಯಾರಾದರೂ "ಇಷ್ಟೊಂದು ಮನೆ ಬೇಡ" ಅಂತ ಕೂಗಾಡಿ, ಆ ಎರಡನ್ನು ಎತ್ತಿ ಪಕ್ಕಕ್ಕಿಟ್ಟರೆ ಎಲ್ಲರಿಗೂ ಸಮಾಧಾನ. ಉಳಿದದ್ದಕ್ಕೆ ಒಪ್ಪಿಗೆ. ಆ ಎರಡು ಮಹಡಿಯ ಜನ ಎಲ್ಲಿಗೆ ಹೋಗಬೇಕಂತೆ?

ಈ ಸಲದ್ದು ಹತ್ತು ಮಹಡಿ, ನಾನೂರು ಮನೆ. ದೊಡ್ಡ ಬಂಗಲೆಯಲ್ಲಿರೋ ಸದಸ್ಯರೊಬ್ಬರು ಮೇಲಿನ ಮಹಡಿ ಹಿಡಿದು ಎಳೆದರೆ ಇಡೀ ಕಟ್ಟಡವೇ ಕೈಗೆ ಬಂತಂತೆ! ಸಭೆಯೆಲ್ಲ ಗೊಳ್ಳೆಂದಿತಂತೆ. ಆ ನಗುವಿನಲ್ಲೇ ಹತ್ತೂ ಮಹಡಿ ಪಾಸು.

"ಅದು ಹೇಗೆ ಅಂಟ್ಕೊಳ್ತೋ ಕಣೇ!" ಅಂದರು ಇವರು, ಆರು ಜನರ ನಮ್ಮ ಒಂದೇ ಕೋಣೆಯಲ್ಲಿ ಕಾಲು ಚಾಚಲು ಜಾಗ ಹುಡುಕುತ್ತಾ.

ನಾನು ಬೆರಳಿನ ಗೋಂದು ಕೆರೆಯುತ್ತಾ ಅಂದೆ: "ನಾವು ಅರ್ಜಿ ಹಾಕಿರೋದು ಹತ್ತನೇ ಮಹಡಿಗಲ್ವೇನ್ರೀ?"